ಗೆಸ್ಟ್ ಸುಳ್ಳು ಹೇಳಿದರೆ ಏನಾಗುತ್ತದೆ? ಕ್ಯೂಎಮು ಮೆಮೊರಿ ಡಿವೈಸ್‌ನ ಕೋಡ್ ರಿವ್ಯೂ ಮಾಡುವ ಬಗೆ

"ಅಕ್ಕಾ, ಟೆಸ್ಟ್ ಎಲ್ಲಾ ಪಾಸ್ ಆಗಿದೆ. ಇನ್ನೇನು ನೋಡೋದು?"

ಭಾನುವಾರ ಬೆಳಿಗ್ಗೆ ಕೋಲಾರದ ನಮ್ಮ ಮನೆ ಮಹಡಿಯಲ್ಲಿ ನಾಲ್ಕೈದು ಜನ ಲ್ಯಾಪ್‌ಟಾಪ್ ಹಿಡಿದು ಕೂರುತ್ತಾರೆ. ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು. ವಾರವೆಲ್ಲ ಬಂಗಾರಪೇಟೆಯಿಂದ ಬೆಂಗಳೂರಿಗೆ ಟ್ರೇನಿನಲ್ಲಿ ಓಡಾಡಿ, ಇರುವ ಒಂದು ರಜೆಯಲ್ಲೂ ಕಲಿಯಲು ಬರುತ್ತಾರಲ್ಲ, ಅದು ನನಗೆ ತುಂಬ ಖುಷಿಯ ವಿಷಯ. ಮೇಲಿನ ಪ್ರಶ್ನೆ ಕೇಳಿದವನು ಪಕ್ಕದ ಬೀದಿಯ ಹುಡುಗ. ಅವನ ಮುಂದಿದ್ದದ್ದು ಕ್ಯೂಎಮು ಎಂಬ ಎಮ್ಯುಲೇಟರ್‌ನ ವರ್ಟಿಯೊ-ಮೆಮ್ ಎಂಬ ಮೆಮೊರಿ ಡಿವೈಸ್‌ನ ಕೋಡನ್ನು ಬದಲಿಸುವ ಒಂದು ಪ್ಯಾಚ್ ಸರಣಿ, ಅಂದರೆ ಒಂದರ ಮೇಲೊಂದು ಹಾಕುವ ಬದಲಾವಣೆಗಳ ಕಟ್ಟು. ಅಭ್ಯಾಸಕ್ಕೆಂದು ನಾನೇ ಬರೆದು ಕೊಟ್ಟದ್ದು. ಅದರೊಳಗೆ ನಾಲ್ಕು ತಪ್ಪುಗಳನ್ನು ಬೇಕೆಂದೇ ಇಟ್ಟಿದ್ದೆ, ನಾಲ್ಕೂ ಟೆಸ್ಟ್ ದಾಟಿ ಹೋಗುವಂಥವು.

ಆ ನಾಲ್ಕನ್ನು ಹಿಡಿಯುವ ದಾರಿಯೇ ಈ ಲೇಖನ. ಸಿ ಭಾಷೆ ಬಲ್ಲವರು, ಎಮ್ಯುಲೇಟರ್ ಕೋಡನ್ನು ಮೊದಲ ಸಲ ರಿವ್ಯೂ ಮಾಡಲು ಹೊರಟವರು ಓದಲಿ ಎಂದು ಬರೆಯುತ್ತಿದ್ದೇನೆ.

ಡಿವೈಸ್ ಮಾಡುವ ಕೆಲಸ

ಒಂದು ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರ್ ಇರುವಂತೆ ಮಾಡುವ ತಂತ್ರಾಂಶ ಕ್ಯೂಎಮು. ಫ್ಯಾಬ್ರಿಸ್ ಬೆಲಾರ್ 2003ರಲ್ಲಿ ಇದನ್ನು ಶುರು ಮಾಡಿದರು. ನಿಜವಾದ ಯಂತ್ರ ಹೋಸ್ಟ್, ಒಳಗೆ ಓಡುವುದು ಗೆಸ್ಟ್. ಗೆಸ್ಟ್‌ಗೆ ಎಷ್ಟು ಮೆಮೊರಿ ಎಂದು ಶುರುವಿನಲ್ಲೇ ಹೇಳಿಬಿಡುತ್ತೇವೆ. ಆಮೇಲೆ ಅದಕ್ಕೆ ಹೆಚ್ಚು ಬೇಕಾಗಬಹುದು, ಅಥವಾ ಕೊಟ್ಟದ್ದು ಸುಮ್ಮನೆ ಬಿದ್ದಿರಬಹುದು. ಓಡುತ್ತಿರುವಾಗಲೇ ಕೊಟ್ಟು ತೆಗೆದುಕೊಳ್ಳುವ ವ್ಯವಸ್ಥೆಗಾಗಿ ಮೊದಲು ಬಂದದ್ದು ಬಲೂನ್ ಡಿವೈಸ್. ನಂತರ ಡೇವಿಡ್ ಹಿಲ್ಡನ್‌ಬ್ರಾಂಡ್ ಬರೆದ ವರ್ಟಿಯೊ-ಮೆಮ್ 2020ರ ಆಗಸ್ಟ್‌ನಲ್ಲಿ ಕ್ಯೂಎಮು 5.1 ಮತ್ತು ಲಿನಕ್ಸ್ 5.8ರ ಜೊತೆ ಬಂತು.

ಇದು ಕೆಲಸ ಮಾಡುವ ಬಗೆಯನ್ನು ನಮ್ಮ ಕಡೆಯವರಿಗೆ ಕೆರೆ ತೋರಿಸಿಯೇ ಹೇಳುವುದು ಸುಲಭ. ಮುಳಬಾಗಿಲು ಕಡೆಯ ನಮ್ಮಜ್ಜಿಯ ಊರಿನಲ್ಲಿ ಕೆರೆಯ ತೂಬು ತೆಗೆದು ಮುಚ್ಚುವ ಹಕ್ಕು ನೀರುಗಂಟಿಗೆ ಮಾತ್ರ ಇತ್ತು. ಗದ್ದೆಯವನು ನೀರು ಕೇಳಬಹುದು, ಆದರೆ ತಾನೇ ಹೋಗಿ ತೂಬು ಎತ್ತುವಂತಿಲ್ಲ. ಈ ಹೊತ್ತು ಯಾವ ಮಡಿಗೆ ನೀರು ಹೋಗಿದೆ, ಯಾವುದಕ್ಕೆ ಇಲ್ಲ ಎಂಬ ಲೆಕ್ಕ ಇರುತ್ತಿದ್ದದ್ದು ನೀರುಗಂಟಿಯ ಹತ್ತಿರ. ಹೋಸ್ಟ್‌ನ ಮೆಮೊರಿಯನ್ನು ಕೆರೆ ಎಂದುಕೊಳ್ಳಿ, ಗೆಸ್ಟ್ ಗದ್ದೆ, ನಾವು ರಿವ್ಯೂ ಮಾಡುವ ಕೋಡ್ ನೀರುಗಂಟಿ. ಮೆಮೊರಿ ಪ್ರದೇಶವನ್ನು ಸಮಾನ ಬ್ಲಾಕ್‌ಗಳಾಗಿ ಕತ್ತರಿಸಲಾಗಿರುತ್ತದೆ. 'ಇಷ್ಟರವರೆಗೆ ತೆಗೆದುಕೋ' ಎಂದು ಹೋಸ್ಟ್ ಒಂದು ಗುರಿ ಹೇಳುತ್ತದೆ. 'ಈ ವಿಳಾಸದಿಂದ ಇಷ್ಟು ಬ್ಲಾಕ್ ಕೊಡು' ಅಥವಾ 'ಇಷ್ಟು ವಾಪಸ್ ತಗೋ' ಎಂದು ಗೆಸ್ಟ್ ಕೋರಿಕೆ ಕಳಿಸುತ್ತದೆ. ಡಿವೈಸ್ ನಾಲ್ಕರಲ್ಲಿ ಒಂದು ಉತ್ತರ ಕೊಡುತ್ತದೆ: ಆಯಿತು, ಆಗದು, ಈಗ ಬಿಡುವಿಲ್ಲ, ಕೋರಿಕೆಯೇ ತಪ್ಪು.

ಹೋಲಿಕೆ ಇಷ್ಟಕ್ಕೆ ಸಾಕು. ರಿವ್ಯೂ ಮಾಡುವಾಗ ಕೈಯಲ್ಲಿ ಇರಬೇಕಾದ ಪ್ರಶ್ನೆ ಒಂದೇ: ಕೇಳಿದವನು ಸುಳ್ಳು ಹೇಳಿದರೂ ಲೆಕ್ಕ ಸರಿಯಾಗಿ ಉಳಿಯುತ್ತದೆಯೇ?

ಕೋಡ್ ತೆರೆಯುವ ಮುನ್ನ

ಗೆಸ್ಟ್‌ನ ಡ್ರೈವರ್ ಮತ್ತು ಇಂಥ ಡಿವೈಸ್‌ಗಳು ಮಾತಾಡುವ ಬಗೆಯನ್ನು ನಿಗದಿ ಮಾಡುವ ವರ್ಟಿಯೊ ಸ್ಪೆಸಿಫಿಕೇಷನ್‌ನಲ್ಲಿ ಈ ಡಿವೈಸ್‌ಗೆ ಒಂದು ಅಧ್ಯಾಯವಿದೆ. ಡಿವೈಸ್ ಸಂಖ್ಯೆ 24. ಅದರಲ್ಲಿ 'ಡಿವೈಸ್ ಹೀಗೆ ಮಾಡಲೇಬೇಕು', 'ಹೀಗೆ ಮಾಡಕೂಡದು' ಎಂಬ ವಾಕ್ಯಗಳನ್ನೆಲ್ಲ ಒಂದು ಹಾಳೆಯಲ್ಲಿ ಕೈಯಿಂದ ಬರೆದುಕೊಳ್ಳಿ. ಕೈಯಿಂದ ಬರೆಯಿರಿ ಎನ್ನುವುದಕ್ಕೆ ಕಾರಣವಿದೆ. ಕಾಪಿ ಮಾಡಿ ಅಂಟಿಸಿದ್ದನ್ನು ಯಾರೂ ಓದುವುದಿಲ್ಲ. ನನ್ನ ಹುಡುಗರ ಹಾಳೆಗಳಲ್ಲಿ ಪ್ರತಿ ಸಾಲಿನ ಪಕ್ಕ ಒಂದು ಖಾಲಿ ಚೌಕ ಇರುತ್ತದೆ. ಆ ನಿಯಮವನ್ನು ಪಾಲಿಸುವ ಸಾಲು ಕೋಡ್‌ನಲ್ಲಿ ಸಿಕ್ಕಾಗ ಮಾತ್ರ ಟಿಕ್ ಹಾಕುತ್ತಾರೆ.

ಆಮೇಲೆ ಪ್ಯಾಚ್‌ನ ವಿವರಣೆ ಓದಿ. ಏನು ಬದಲಾಯಿತು ಎನ್ನುವುದು ಕೋಡ್‌ನಲ್ಲೇ ಕಾಣುತ್ತದೆ, ಯಾಕೆ ಬದಲಾಯಿತು ಎನ್ನುವುದು ವಿವರಣೆಯಲ್ಲಿ ಇರಬೇಕು. ಇಲ್ಲದಿದ್ದರೆ ಮೊದಲ ಕಾಮೆಂಟ್ ಅದೇ ಆಗಲಿ. ಸರಣಿಯ ಪ್ರತಿ ಪ್ಯಾಚನ್ನೂ ಬೇರೆ ಬೇರೆಯಾಗಿ ಬಿಲ್ಡ್ ಮಾಡಿ. ಮೂರನೆಯದು ಒಡೆದು ನಾಲ್ಕನೆಯದು ಸರಿ ಮಾಡಿದರೆ, ಮುಂದೆ ಯಾವ ಪ್ಯಾಚ್ ದೋಷ ತಂದಿತು ಎಂದು ಗಿಟ್ ಬೈಸೆಕ್ಟ್‌ನಿಂದ ಹುಡುಕುವವರು ಪರದಾಡುತ್ತಾರೆ.

ಸ್ಟೈಲ್ ವಿಷಯವನ್ನು ಯಂತ್ರಕ್ಕೆ ಬಿಡಿ. ಸಾಲು 80 ಅಕ್ಷರ, ನಾಲ್ಕು ಸ್ಪೇಸ್ ಇಂಡೆಂಟ್, ಒಂದೇ ಸಾಲಿನ ಇಫ್‌ಗೂ ಬ್ರೇಸ್. ಇದೆಲ್ಲವನ್ನೂ ಕ್ಯೂಎಮು ಜೊತೆಗೇ ಬರುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಹೇಳುತ್ತದೆ. ನಿಮ್ಮ ಗಮನ ಬೇರೆ ಕಡೆ ಬೇಕು.

ಗೆಸ್ಟ್‌ನಿಂದ ಬಂದ ಪ್ರತಿ ಅಂಕಿ

ರಿವ್ಯೂನ ಅರ್ಧ ಹೊತ್ತನ್ನು ಇಲ್ಲೇ ಕಳೆಯಿರಿ ಎಂದು ನಾನು ಹೇಳುತ್ತೇನೆ. 2015ರ ಮೇ ತಿಂಗಳಲ್ಲಿ ವೆನಮ್ ಎಂಬ ದೋಷ ಹೊರಬಂತು. ಕ್ಯೂಎಮುವಿನ ಫ್ಲಾಪಿ ಡಿಸ್ಕ್ ಕಂಟ್ರೋಲರ್‌ನಲ್ಲಿ ಬಫರ್‌ನ ಗಡಿ ಮೀರಿ ಬರೆಯಲು ಗೆಸ್ಟ್‌ಗೆ ಅವಕಾಶವಿತ್ತು. 2004ರಿಂದಲೂ ಆ ಕೋಡ್ ಅಲ್ಲೇ ಇತ್ತು. ಹನ್ನೊಂದು ವರ್ಷ ಯಾರ ಫ್ಲಾಪಿಯೂ ಕೆಟ್ಟಿರಲಿಲ್ಲ, ಏಕೆಂದರೆ ಒಳ್ಳೆಯ ಡ್ರೈವರ್ ಹಾಗೆ ಬರೆಯುವುದಿಲ್ಲ. ಆದ್ದರಿಂದ ಲಿನಕ್ಸ್ ಡ್ರೈವರ್ ಏನು ಕಳಿಸುತ್ತದೆ ಎಂದು ನೋಡಿ ಸಮಾಧಾನ ಪಡಬೇಡಿ. ಆ ತಂತಿಯಲ್ಲಿ ಏನೇನು ಬರಬಹುದೋ ಅದೆಲ್ಲವೂ ಬರುತ್ತದೆ ಎಂದುಕೊಂಡು ಓದಿ.

ವರ್ಟಿಯೊ-ಮೆಮ್ ಕೋರಿಕೆಯಲ್ಲಿ ಮುಖ್ಯವಾದ ಅಂಕಿ ಮೂರು: ಕೋರಿಕೆಯ ಬಗೆ 16 ಬಿಟ್, ವಿಳಾಸ 64 ಬಿಟ್, ಬ್ಲಾಕ್‌ಗಳ ಸಂಖ್ಯೆ 16 ಬಿಟ್. ಮೂರೂ ಲಿಟಲ್ ಎಂಡಿಯನ್, ಅಂದರೆ ಚಿಕ್ಕ ಬೆಲೆಯ ಬೈಟ್ ಮೊದಲು. ಓದಿದ ತಕ್ಷಣ ಹೋಸ್ಟ್‌ನ ಕ್ರಮಕ್ಕೆ ಬದಲಾಯಿಸಿದ್ದಾರಾ ನೋಡಿ. ಇಂಟೆಲ್ ಯಂತ್ರದಲ್ಲಿ ಬದಲಾಯಿಸದಿದ್ದರೂ ಸರಿಯಾಗಿಯೇ ಓಡುತ್ತದೆ, ಬಿಗ್ ಎಂಡಿಯನ್ ಹೋಸ್ಟ್‌ನಲ್ಲಿ ಮಾತ್ರ ಕೈಕೊಡುತ್ತದೆ.

ಈಗ ಅಭ್ಯಾಸದ ಪ್ಯಾಚ್‌ಗೆ ಬರೋಣ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಪ್ರದೇಶ 4 ಜಿಬಿ ವಿಳಾಸದಿಂದ ಶುರು, ಒಟ್ಟು 16 ಜಿಬಿ, ಬ್ಲಾಕ್ ಗಾತ್ರ 2 ಎಂಬಿ. ಅಲ್ಲಿಗೆ 8192 ಬ್ಲಾಕ್. ಯಾವ ಬ್ಲಾಕ್ ಗೆಸ್ಟ್ ಹತ್ತಿರ ಇದೆ ಎಂದು ಒಂದೊಂದಕ್ಕೆ ಒಂದು ಬಿಟ್‌ನಂತೆ ಗುರುತಿಡುವ ಬಿಟ್‌ಮ್ಯಾಪ್ ಸರಿಯಾಗಿ 1024 ಬೈಟ್.

ಮೊದಲ ತಪ್ಪು ಗುಣಾಕಾರದಲ್ಲಿತ್ತು. ನಾನು ಬ್ಲಾಕ್ ಗಾತ್ರವನ್ನು 32 ಬಿಟ್ ವೇರಿಯಬಲ್‌ನಲ್ಲಿ ಇಟ್ಟಿದ್ದೆ. ಕೋರಿಕೆಯ ಬ್ಲಾಕ್ ಸಂಖ್ಯೆಯನ್ನು ಅದರಿಂದ ಗುಣಿಸಿದರೆ ಒಟ್ಟು ಗಾತ್ರ. ಗೆಸ್ಟ್ 2048 ಬ್ಲಾಕ್ ಕೇಳಿತು ಎನ್ನಿ. 2048 ಸಲ 2 ಎಂಬಿ ಎಂದರೆ 4 ಜಿಬಿ, ಅಂದರೆ 2ರ 32ನೇ ಘಾತ. 32 ಬಿಟ್‌ನಲ್ಲಿ ಅದು ಹಿಡಿಸುವುದಿಲ್ಲ, ಉಳಿಯುವುದು ಸೊನ್ನೆ. ಗುಣಾಕಾರ ಮುಗಿದ ಮೇಲೆ ಉತ್ತರವನ್ನು 64 ಬಿಟ್ ವೇರಿಯಬಲ್‌ಗೆ ಹಾಕಿದರೂ ಪ್ರಯೋಜನವಿಲ್ಲ, ಸೊನ್ನೆ ಸೊನ್ನೆಯೇ. ಈಗ 'ವಿಳಾಸಕ್ಕೆ ಗಾತ್ರ ಕೂಡಿಸಿದರೆ ಪ್ರದೇಶದೊಳಗೇ ಇದೆಯಾ' ಎಂಬ ಪರೀಕ್ಷೆ ಆರಾಮಾಗಿ ಪಾಸ್ ಆಗುತ್ತದೆ. ಮುಂದಿನ ಸಾಲಿನಲ್ಲಿ ಬಿಟ್‌ಮ್ಯಾಪ್ ಬರೆಯುವ ಫಂಕ್ಷನ್ ಮಾತ್ರ ಗಾತ್ರವನ್ನಲ್ಲ, ಬ್ಲಾಕ್ ಸಂಖ್ಯೆಯನ್ನು ತೆಗೆದುಕೊಳ್ಳುತ್ತದೆ. ಕೊನೆಯ ಬ್ಲಾಕ್‌ನಿಂದ, ಅಂದರೆ 8191ರಿಂದ ಶುರು ಮಾಡಿ 2048 ಬಿಟ್ ಹಾಕಿದರೆ ಅದು 10238ನೇ ಬಿಟ್‌ವರೆಗೆ ಹೋಗುತ್ತದೆ. 1024 ಬೈಟ್‌ನ ಜಾಗ ದಾಟಿ ಇನ್ನೂರೈವತ್ತಕ್ಕೂ ಹೆಚ್ಚು ಬೈಟ್, ಬೇರೆ ಯಾರದೋ ಡೇಟಾದ ಮೇಲೆ.

ಹುಡುಗ ಇದನ್ನು ನೋಟ್‌ಬುಕ್‌ನಲ್ಲಿ ಲೆಕ್ಕ ಮಾಡಿ ಮುಗಿಸುವವರೆಗೆ ನಾನು ಮಾತಾಡಲಿಲ್ಲ. ಲೆಕ್ಕ ಮಾಡಿಯೇ ನಂಬಬೇಕಾದ ವಿಷಯ ಇದು. ಗುಣಾಕಾರ ಕಂಡಲ್ಲೆಲ್ಲ ನಿಂತು, ಎರಡೂ ಕಡೆಯ ಟೈಪ್ ಏನೆಂದು ಹೆಡರ್ ಫೈಲ್ ತೆರೆದು ನೋಡಿ. ಪ್ಯಾಚ್‌ನ ಸಾಲಿನಲ್ಲಿ ಟೈಪ್ ಕಾಣುವುದಿಲ್ಲ, ಅಲ್ಲೇ ಎಲ್ಲರೂ ಎಡವುವುದು.

ಎರಡನೆಯದು ಕೂಡುವಿಕೆಯಲ್ಲಿ. ನನ್ನ ಪ್ಯಾಚ್‌ನಲ್ಲಿ ಎರಡೇ ಪರೀಕ್ಷೆ ಇದ್ದವು: ವಿಳಾಸ ಪ್ರದೇಶದ ಆರಂಭಕ್ಕಿಂತ ಕಡಿಮೆ ಇರಬಾರದು, ವಿಳಾಸ ಮತ್ತು ಗಾತ್ರದ ಮೊತ್ತ ಪ್ರದೇಶದ ಕೊನೆಗಿಂತ ಹೆಚ್ಚಿರಬಾರದು. ಓದಿದರೆ ಸರಿ ಎನಿಸುತ್ತದೆ. ಗೆಸ್ಟ್ 2ರ 64ನೇ ಘಾತದಿಂದ 2 ಎಂಬಿ ಕಳೆದ ವಿಳಾಸ ಕೊಟ್ಟು ಒಂದು ಬ್ಲಾಕ್ ಕೇಳಲಿ. ವಿಳಾಸ 2 ಎಂಬಿಗೆ ಸರಿಯಾಗಿ ಹೊಂದಿಕೊಂಡೇ ಇದೆ. ಆರಂಭಕ್ಕಿಂತ ಎಷ್ಟೋ ದೊಡ್ಡದು, ಮೊದಲ ಪರೀಕ್ಷೆ ಪಾಸ್. ಅದಕ್ಕೆ 2 ಎಂಬಿ ಕೂಡಿಸಿದರೆ ಅಂಕಿ ಸುತ್ತು ಹೊಡೆದು ಸೊನ್ನೆಗೆ ಬರುತ್ತದೆ. ಸೊನ್ನೆ ಕೊನೆಗಿಂತ ಹೆಚ್ಚಲ್ಲ, ಎರಡನೆಯದೂ ಪಾಸ್.

ಕ್ಯೂಎಮುವಿನ ನಿಜವಾದ ಕೋಡ್ ಇಲ್ಲಿ ಒಂದೊಂದಾಗಿ ಕೇಳುತ್ತದೆ: ವಿಳಾಸ ಬ್ಲಾಕ್ ಗಡಿಗೆ ಹೊಂದಿದೆಯಾ, ಮೊತ್ತ ವಿಳಾಸಕ್ಕಿಂತ ಚಿಕ್ಕದಾಯಿತಾ, ಗಾತ್ರ ಸೊನ್ನೆಯಾ, ಆರಂಭದ ಹಿಂದಿದೆಯಾ, ವಿಳಾಸವೇ ಕೊನೆಯನ್ನು ದಾಟಿದೆಯಾ, ಮೊತ್ತ ಕೊನೆಯನ್ನು ದಾಟಿದೆಯಾ. ಯಾವುದೂ ಹೆಚ್ಚಿನದಲ್ಲ. ಹೊಸ ಕೋಡ್ ಬರೆಯುವವರಿಗೆ ನಾನು ಸಲಹೆ ಕೊಡುವುದು ಕಳೆಯುವ ರೀತಿ: ವಿಳಾಸ ಒಳಗಿದೆ ಎಂದು ಖಚಿತವಾದ ಮೇಲೆ, ಕೊನೆಯಿಂದ ವಿಳಾಸ ಕಳೆದು, ಉಳಿದ ಜಾಗಕ್ಕಿಂತ ಗಾತ್ರ ದೊಡ್ಡದಾ ಎಂದು ಕೇಳಿ. ಹಾಗೆ ಮಾಡಿದರೆ ಸುತ್ತು ಹೊಡೆಯುವ ಪ್ರಶ್ನೆಯೇ ಬರುವುದಿಲ್ಲ.

ಇಲ್ಲಿಯೇ ಇನ್ನೆರಡು. ಕೋರಿಕೆ ಇರುವ ಬಫರ್ ಗೆಸ್ಟ್‌ನ ಮೆಮೊರಿಯಲ್ಲೇ ಇರುತ್ತದೆ. ಡಿವೈಸ್ ಒಮ್ಮೆ ಓದಿ ಪರೀಕ್ಷಿಸಿ, ಬಳಸುವಾಗ ಮತ್ತೆ ಅಲ್ಲಿಂದಲೇ ಓದಿದರೆ, ಆ ನಡುವೆ ಗೆಸ್ಟ್‌ನ ಇನ್ನೊಂದು ಸಿಪಿಯು ಅಂಕಿ ಬದಲಿಸಿಬಿಡಬಹುದು. ಒಂದೇ ಸಲ ಸ್ಥಳೀಯ ವೇರಿಯಬಲ್‌ಗೆ ನಕಲು ಮಾಡಿಕೊಂಡು ಅದನ್ನೇ ಬಳಸುತ್ತಿದ್ದಾರಾ ನೋಡಿ. ಇನ್ನು, ಬಫರ್ ಕೋರಿಕೆಗಿಂತ ಚಿಕ್ಕದಾಗಿ ಬಂದರೆ? ನಕಲು ಮಾಡುವ ಫಂಕ್ಷನ್ ಎಷ್ಟು ಬೈಟ್ ಸಿಕ್ಕಿತು ಎಂದು ಹೇಳುತ್ತದೆ. ಕಡಿಮೆ ಬಂದರೆ ಡಿವೈಸನ್ನು ಎರರ್ ಸ್ಥಿತಿಗೆ ತಂದು, ಕೋರಿಕೆಗಳು ಬರುವ ಕ್ಯೂನಿಂದ ತೆಗೆದ ಎಲಿಮೆಂಟನ್ನು ಬಿಡಿಸಿ, ಅದರ ಮೆಮೊರಿ ಫ್ರೀ ಮಾಡಬೇಕು. ನನ್ನ ಪ್ಯಾಚ್‌ನಲ್ಲಿ ಆ ದಾರಿಯಲ್ಲಿ ಫ್ರೀ ಮಾಡುವುದು ಬಿಟ್ಟುಹೋಗಿತ್ತು. ಅದು ನಾನು ಇಟ್ಟ ನಾಲ್ಕರಲ್ಲಿ ಇರಲಿಲ್ಲ, ಮಾಲೂರಿನಿಂದ ಬರುವ ಹುಡುಗಿ ಕಂಡುಹಿಡಿದಳು. ಎರರ್ ದಾರಿಗಳನ್ನು ಬೆರಳಿಟ್ಟು ಓದುವುದು ಅವಳಿಗೆ ಅಭ್ಯಾಸವಾಗಿದೆ.

ಮೂರು ಲೆಕ್ಕ ಒಟ್ಟಿಗೆ

ಒಂದು ಬ್ಲಾಕ್ ಗೆಸ್ಟ್ ಹತ್ತಿರ ಇದೆಯೋ ಇಲ್ಲವೋ ಎನ್ನುವುದು ಮೂರು ಕಡೆ ದಾಖಲಾಗಿರುತ್ತದೆ. ಹೋಸ್ಟ್‌ನ ನಿಜವಾದ ಮೆಮೊರಿ, ಬಿಟ್‌ಮ್ಯಾಪ್, ಒಟ್ಟು ಗಾತ್ರದ ಕೌಂಟರ್. ಮೂರೂ ಒಟ್ಟಿಗೆ ಬದಲಾಗಬೇಕು, ನಡುವೆ ಏನಾದರೂ ಸೋತರೆ ಮೂರೂ ಹಳೆಯ ಜಾಗಕ್ಕೆ ಬರಬೇಕು. ಕಾಗದದಲ್ಲಿ ಮೂರು ಕಾಲಂ ಎಳೆದು, ಫಂಕ್ಷನ್‌ನ ಪ್ರತಿ ರಿಟರ್ನ್‌ಗೂ ಒಂದು ಸಾಲು ಬರೆಯಿರಿ. ಆ ರಿಟರ್ನ್‌ನಲ್ಲಿ ಹೊರಬಿದ್ದರೆ ಮೂರೂ ಯಾವ ಸ್ಥಿತಿಯಲ್ಲಿರುತ್ತವೆ?

ಮೂರನೆಯ ತಪ್ಪು ಹೀಗೆ ಸಿಕ್ಕಿತು. ಗೆಸ್ಟ್ ಬ್ಲಾಕ್ ವಾಪಸ್ ಕೊಡುವಾಗ ನನ್ನ ಪ್ಯಾಚ್ ಮೊದಲು ಕೌಂಟರ್ ಇಳಿಸಿ, ಆಮೇಲೆ ಹೋಸ್ಟ್ ಮೆಮೊರಿಯನ್ನು ಬಿಟ್ಟುಕೊಡುವ ಕೆಲಸ ಮಾಡುತ್ತಿತ್ತು. ಈ ಎರಡನೆಯದು ಸೋಲಬಹುದು. ಲಿನಕ್ಸ್‌ನಲ್ಲಿ ಅದು ಸಾಮಾನ್ಯ ಮೆಮೊರಿಗೆ ಎಂಅಡ್ವೈಸ್ ಕರೆ, ಫೈಲ್ ಅಥವಾ ಹಂಚಿಕೊಂಡ ಮೆಮೊರಿಗೆ ಎಫ್‌ಅಲೊಕೇಟ್‌ನಿಂದ ತೂತು ತೆಗೆಯುವ ಕರೆ. ಸೋತರೆ 'ಬಿಡುವಿಲ್ಲ' ಎಂದು ಉತ್ತರ ಹೋಗುತ್ತದೆ, ಆದರೆ ಕೌಂಟರ್ 2 ಎಂಬಿ ಇಳಿದೇ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಗೆಸ್ಟ್ ಮತ್ತೆ ಕೇಳುತ್ತದೆ, ಮತ್ತೆ 2 ಎಂಬಿ. ನೂರು ಸಲ ಆದರೆ ಲೆಕ್ಕದಿಂದ 200 ಎಂಬಿ ಮಾಯ. ಈಗ ಹೊಸ ಬ್ಲಾಕ್ ಕೇಳಿದಾಗ 'ಈಗಿನ ಗಾತ್ರಕ್ಕೆ ಕೂಡಿಸಿದರೆ ಗುರಿ ಮೀರುತ್ತದಾ' ಎಂಬ ಪರೀಕ್ಷೆಗೆ ಸುಳ್ಳು ಅಂಕಿ ಸಿಗುತ್ತದೆ, ಗೆಸ್ಟ್‌ಗೆ ಕೊಡಬೇಕಾದ್ದಕ್ಕಿಂತ 200 ಎಂಬಿ ಹೆಚ್ಚು ಹೋಗುತ್ತದೆ.

ಇದನ್ನು ಪಾಠಕ್ಕೆ ಆರಿಸಿದ್ದಕ್ಕೆ ಕಾರಣವಿದೆ. ತುಂಬ ವರ್ಷಗಳ ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ, ಒಳಗಿನ ಬಳಕೆಗೆ ಬರೆದ ಡಿವೈಸ್‌ನಲ್ಲಿ ಇದೇ ಕ್ರಮದ ತಪ್ಪಿದ್ದ ಪ್ಯಾಚನ್ನು ರಿವ್ಯೂ ಮಾಡಿ ಒಪ್ಪಿಕೊಂಡವಳು ನಾನೇ. ಒಂದು ರಾತ್ರಿ ಹೋಸ್ಟ್‌ನಲ್ಲಿ ಮೆಮೊರಿ ಖಾಲಿಯಾಗಿ ಅದರ ಮೇಲಿದ್ದ ಗೆಸ್ಟ್‌ಗಳೆಲ್ಲ ಬಿದ್ದವು. ಕೌಂಟರ್ ಮತ್ತು ಬಿಟ್‌ಮ್ಯಾಪ್ ಹೊಂದುತ್ತಿಲ್ಲ ಎಂದು ಗೊತ್ತಾಗಲು ಎರಡು ದಿನ ಬೇಕಾಯಿತು. ಆ ಎರಡು ದಿನ ಊಟ ಗಂಟಲಲ್ಲಿ ಇಳಿಯಲಿಲ್ಲ. ಮೂರು ಕಾಲಂನ ಕಾಗದ ಅಂದಿನಿಂದ ಬಂದ ಅಭ್ಯಾಸ.

ಸರಿಯಾದ ಕ್ರಮ ಇದು. ವಾಪಸ್ ಪಡೆಯುವಾಗ: ಬ್ಲಾಕ್‌ಗಳೆಲ್ಲ ನಿಜಕ್ಕೂ ಗೆಸ್ಟ್ ಹತ್ತಿರ ಇವೆಯೇ ಎಂದು ಬಿಟ್‌ಮ್ಯಾಪ್ ನೋಡುವುದು, ಇಲ್ಲದಿದ್ದರೆ 'ಕೋರಿಕೆ ತಪ್ಪು'. ನಂತರ ಮೆಮೊರಿ ಬಿಡುವುದು, ಸೋತರೆ 'ಬಿಡುವಿಲ್ಲ' ಎಂದು ಅಲ್ಲೇ ಹೊರಬರುವುದು. ಗೆದ್ದ ಮೇಲೆ ಬಿಟ್ ಅಳಿಸಿ ಕೌಂಟರ್ ಇಳಿಸುವುದು. ಸೋಲಬಹುದಾದ ಕೆಲಸ ಮೊದಲು, ಸೋಲದ ಕೆಲಸ ಆಮೇಲೆ.

ನಾಲ್ಕನೆಯ ಕಾಲಂ ಒಂದು ಬೇಕಾಗಬಹುದು: ಈ ಮೆಮೊರಿಯ ಮೇಲೆ ಕಣ್ಣಿಟ್ಟಿರುವ ಇತರರು. ಗೆಸ್ಟ್‌ಗೆ ನಿಜವಾದ ಪಿಸಿಐ ಕಾರ್ಡನ್ನು ವಿಎಫ್‌ಐಒ ಎಂಬ ಲಿನಕ್ಸ್ ವ್ಯವಸ್ಥೆಯ ಮೂಲಕ ಕೊಟ್ಟಿದ್ದರೆ, ಆ ಕಾರ್ಡ್ ನೇರವಾಗಿ ಮೆಮೊರಿಗೆ ಬರೆಯುತ್ತದೆ. ಅದಕ್ಕಾಗಿ ಪೇಜ್‌ಗಳನ್ನು, ಅಂದರೆ ಮೆಮೊರಿ ಹಂಚುವ ತುಂಡುಗಳನ್ನು, ಅಲುಗದಂತೆ ಹಿಡಿದಿಡಲಾಗಿರುತ್ತದೆ. ಕಾರ್ಡ್‌ಗೆ ತಿಳಿಸದೆ ಡಿವೈಸ್ ಒಂದು ಬ್ಲಾಕ್ ಬಿಟ್ಟುಕೊಟ್ಟು ಮತ್ತೆ ಕೊಟ್ಟರೆ ಗೆಸ್ಟ್‌ಗೆ ಹೊಸ ಪೇಜ್ ಸಿಗುತ್ತದೆ, ಕಾರ್ಡ್ ಮಾತ್ರ ಹಳೆಯ ಪೇಜ್‌ಗೇ ಬರೆಯುತ್ತಿರುತ್ತದೆ. ಎರರ್ ಬರುವುದಿಲ್ಲ, ಡೇಟಾ ಮಾತ್ರ ಹಾಳು. ಈ ಕಾರಣಕ್ಕೇ ವಿಎಫ್‌ಐಒ ಜೊತೆ ಬಲೂನ್ ಕೆಲಸ ಮಾಡದಂತೆ ತಡೆಯುತ್ತಾರೆ. ವರ್ಟಿಯೊ-ಮೆಮ್‌ಗೆ 2021ರ ಕ್ಯೂಎಮು 6.1ರಲ್ಲಿ ರ‍್ಯಾಮ್ ಡಿಸ್ಕಾರ್ಡ್ ಮ್ಯಾನೇಜರ್ ಎಂಬ ವ್ಯವಸ್ಥೆ ಬಂತು. ಬ್ಲಾಕ್ ಕೊಡುವಾಗ ವಿಎಫ್‌ಐಒನಂಥ ಕೇಳುಗರಿಗೆಲ್ಲ ತಿಳಿಸಬೇಕು. ಅವರಲ್ಲಿ ಒಬ್ಬರು 'ನನ್ನಿಂದಾಗದು' ಎಂದರೆ ಮೊದಲು ಒಪ್ಪಿದವರಿಗೂ 'ಬೇಡ' ಎಂದು ಹೇಳಿ ಹಿಂದಿರುಗಬೇಕು. ಇದು ಬರೀ ಊಹೆಯ ಮಾತಲ್ಲ: ಒಂದು ವಿಎಫ್‌ಐಒ ಕಂಟೈನರ್‌ಗೆ ಡಿಎಂಎ ಮ್ಯಾಪಿಂಗ್‌ಗಳ (ಕಾರ್ಡ್ ನೇರವಾಗಿ ಬರೆಯಬಲ್ಲ ಮೆಮೊರಿ ತುಂಡುಗಳ) ಮಿತಿ ಸಾಮಾನ್ಯವಾಗಿ 65535. ಬ್ಲಾಕ್‌ಗೊಂದರಂತೆ ನಮ್ಮ 8192 ಅದರೊಳಗೆ ಹಿಡಿಸುತ್ತದೆ. ಅದೇ 2 ಎಂಬಿ ಬ್ಲಾಕ್ ಇಟ್ಟುಕೊಂಡು ಪ್ರದೇಶವನ್ನು 256 ಜಿಬಿ ಮಾಡಿದವರಿಗೆ ಹಿಡಿಸುವುದಿಲ್ಲ.

ಪೇಜ್ ಗಾತ್ರದ ಬಗ್ಗೆಯೂ ಒಂದು ಮಾತು. ಬಲೂನ್ ಡಿವೈಸ್ ಯಾವಾಗಲೂ 4 ಕೆಬಿ ಲೆಕ್ಕದಲ್ಲಿ ಮಾತಾಡುತ್ತದೆ. ಹೋಸ್ಟ್‌ನ ಪೇಜ್ 64 ಕೆಬಿ ಇದ್ದರೆ 4 ಕೆಬಿ ಮಾತ್ರ ಬಿಟ್ಟುಕೊಡಲು ಬರುವುದಿಲ್ಲ, ಬಿಟ್ಟರೆ ಗೆಸ್ಟ್ ಇನ್ನೂ ಬಳಸುತ್ತಿರುವ ಉಳಿದ 60 ಕೆಬಿಯೂ ಹೋಗುತ್ತದೆ. 2019ರ ಕ್ಯೂಎಮು 4.0ರಲ್ಲಿ ಇದನ್ನು ಸರಿಪಡಿಸಿದರು. ಆದ್ದರಿಂದ ಯಾವ ಮೆಮೊರಿ ಡಿವೈಸ್ ಆದರೂ ಬ್ಲಾಕ್ ಗಾತ್ರ ಹೋಸ್ಟ್ ಪೇಜ್‌ಗಿಂತ ಚಿಕ್ಕದಾಗದಂತೆ ಶುರುವಿನಲ್ಲೇ ತಡೆದಿದ್ದಾರಾ ನೋಡಿ. ಹ್ಯೂಜ್ ಪೇಜ್ ಬಳಸಿದರೆ ಅದು 1 ಜಿಬಿಯೂ ಇರಬಹುದು.

ರೀಸೆಟ್ ಎರಡು ಬಗೆ

ನಾಲ್ಕನೆಯ ತಪ್ಪನ್ನು ಆ ದಿನ ಯಾರೂ ಹಿಡಿಯಲಿಲ್ಲ, ಮರುವಾರ ಸಿಕ್ಕಿತು. ಡಿವೈಸ್ ರೀಸೆಟ್ ಆದಾಗ ಎಲ್ಲ ಬ್ಲಾಕ್ ವಾಪಸ್ ಪಡೆದು ಶುಚಿ ಮಾಡುವ ನಾಲ್ಕು ಸಾಲು ಸೇರಿಸಿದ್ದೆ. ನೋಡಿದರೆ ಒಳ್ಳೆಯ ಕೆಲಸವೇ. ಆದರೆ ವರ್ಟಿಯೊ ಡಿವೈಸ್ ರೀಸೆಟ್ ಎಂದರೆ ಗೆಸ್ಟ್‌ನ ಡ್ರೈವರ್ ಮಾಡುವ ಕೆಲಸ. ಡ್ರೈವರ್ ಮತ್ತೆ ಲೋಡ್ ಆದರೂ ನಡೆಯುತ್ತದೆ. ಆ ಹೊತ್ತಿಗೆ ಗೆಸ್ಟ್‌ನ ಕರ್ನಲ್ ಆ ಮೆಮೊರಿಯನ್ನು ಬಳಸುತ್ತಲೇ ಇರುತ್ತದೆ. ಕಾಲ ಕೆಳಗಿನ ನೆಲ ಎಳೆದಂತೆ. ಸ್ಪೆಸಿಫಿಕೇಷನ್ ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ: ಡಿವೈಸ್ ರೀಸೆಟ್‌ನಲ್ಲಿ ಬ್ಲಾಕ್‌ಗಳ ಸ್ಥಿತಿ ಬದಲಾಗಕೂಡದು. ಎಲ್ಲವನ್ನೂ ವಾಪಸ್ ಪಡೆಯುವುದು ಇಡೀ ಯಂತ್ರ ರೀಸೆಟ್ ಆದಾಗ. ಕೈಯಿಂದ ಬರೆದ ಹಾಳೆಯಲ್ಲಿ ಆ ಚೌಕ ಖಾಲಿ ಉಳಿದದ್ದನ್ನು ನೋಡಿಯೇ ಅವರಿಗೆ ಇದು ಸಿಕ್ಕಿದ್ದು.

ಮೈಗ್ರೇಷನ್‌ನಲ್ಲಿ, ಅಂದರೆ ಓಡುತ್ತಿರುವ ಗೆಸ್ಟನ್ನು ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ, ನೋಡಬೇಕಾದ್ದು: ಬಿಟ್‌ಮ್ಯಾಪ್ ಆ ಕಡೆ ತಲುಪುತ್ತದೆಯೇ, ಮೈಗ್ರೇಷನ್ ನಡೆಯುತ್ತಿರುವಾಗ ಬಂದ ಕೋರಿಕೆಗೆ 'ಬಿಡುವಿಲ್ಲ' ಎಂದು ಉತ್ತರಿಸುತ್ತದೆಯೇ, ಎರಡೂ ಕಡೆಯ ವಿಳಾಸ, ಬ್ಲಾಕ್ ಗಾತ್ರ ಒಂದೇ ಎಂದು ಪರೀಕ್ಷಿಸುತ್ತದೆಯೇ. ಪ್ಯಾಚ್ ಯಾವುದಾದರೂ ಡೀಫಾಲ್ಟ್ ಬದಲಿಸಿದ್ದರೆ, ಹಳೆಯ ಮೆಷಿನ್ ಟೈಪ್‌ಗಳಿಗೆ (ಆವೃತ್ತಿವಾರು ಯಂತ್ರದ ನಮೂನೆಗಳಿಗೆ) ಹಳೆಯ ಡೀಫಾಲ್ಟ್ ಉಳಿಸಿರಬೇಕು. ಇಲ್ಲದಿದ್ದರೆ ಹಳೆಯ ಆವೃತ್ತಿಯಿಂದ ಬರುವ ಗೆಸ್ಟ್ ಹೊಸದರಲ್ಲಿ ಇಳಿಯುವುದಿಲ್ಲ.

ಓಡಿಸಿ ನೋಡುವುದು

ಇಷ್ಟಾದ ಮೇಲೆ ಓಡಿಸಿ. ಡೀಬಗ್ ಮತ್ತು ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಎರಡನ್ನೂ ಸೇರಿಸಿ ಬಿಲ್ಡ್ ಮಾಡಿ. ಎಕ್ಸ್86 ಗುರಿ ಒಂದೇ ಸಾಕು, ಎಲ್ಲವನ್ನೂ ಬಿಲ್ಡ್ ಮಾಡಲು ಹೋದರೆ ಲ್ಯಾಪ್‌ಟಾಪ್ ಮಧ್ಯಾಹ್ನದವರೆಗೆ ಬಿಸಿಯಾಗುತ್ತದೆ. 4 ಜಿಬಿಯ ಗೆಸ್ಟ್, ಗರಿಷ್ಠ 20 ಜಿಬಿ, ಡಿವೈಸ್‌ಗೆ 16 ಜಿಬಿ ಪ್ರದೇಶ. ಕೋರಿದ ಗಾತ್ರವನ್ನು ಕ್ಯೂಎಮುವಿನ ಮಾನಿಟರ್ ಎಂಬ ಆಜ್ಞೆಯ ಕಿಟಕಿಯಿಂದ 2 ಜಿಬಿಗೆ, ಆಮೇಲೆ 6ಕ್ಕೆ ಏರಿಸಿ, ಮತ್ತೆ 1ಕ್ಕೆ ಇಳಿಸಿ. ಪ್ರತಿ ಸಲ ಮಾನಿಟರ್‌ನಲ್ಲಿ ಮೆಮೊರಿ ಡಿವೈಸ್‌ಗಳ ವಿವರ ಕೇಳಿ, ಹೋಸ್ಟ್‌ನಲ್ಲಿ ಕ್ಯೂಎಮು ಪ್ರೊಸೆಸ್ ನಿಜಕ್ಕೂ ಹಿಡಿದಿರುವ ಮೆಮೊರಿಯನ್ನೂ ನೋಡಿ.

ಇಲ್ಲಿ ಹೊಸಬರು ಗಾಬರಿಯಾಗುವ ಎರಡು ಸಂಗತಿಗಳಿವೆ, ಎರಡೂ ದೋಷವಲ್ಲ. ಬ್ಲಾಕ್ ಕೊಟ್ಟ ಕೂಡಲೇ ಹೋಸ್ಟ್‌ನ ಬಳಕೆ ಏರುವುದಿಲ್ಲ, ಗೆಸ್ಟ್ ಆ ಪೇಜ್‌ಗಳನ್ನು ಮುಟ್ಟಿದಾಗ ಏರುತ್ತದೆ. ಮತ್ತೆ, ಇಳಿಸು ಎಂದರೂ ಗೆಸ್ಟ್ ಪೂರ್ತಿ ಇಳಿಸದೇ ಇರಬಹುದು, ಏಕೆಂದರೆ ಕರ್ನಲ್ ಅಲ್ಲಾಡಿಸಲಾಗದ ಡೇಟಾವನ್ನು ಆ ಬ್ಲಾಕ್‌ನಲ್ಲಿ ಇಟ್ಟಿರುತ್ತದೆ. ಗೆಸ್ಟ್‌ನಲ್ಲಿ ಹೊಸ ಮೆಮೊರಿಯನ್ನು ಅಲ್ಲಾಡಿಸಬಹುದಾದ ಡೇಟಾಕ್ಕೆ ಮೀಸಲಾದ ಮೂವಬಲ್ ಝೋನ್‌ಗೆ ಸೇರಿಸುವಂತೆ ಹೇಳಿದರೆ ಇಳಿಕೆ ಬಹಳ ಮಟ್ಟಿಗೆ ಸರಾಗ.

ಒಳ್ಳೆಯ ಗೆಸ್ಟ್‌ನಿಂದ ಕೆಟ್ಟ ಕೋರಿಕೆ ಬರುವುದಿಲ್ಲವಲ್ಲ, ಅದಕ್ಕೆ ಕ್ಯೂಟೆಸ್ಟ್ ಇದೆ. ಆಪರೇಟಿಂಗ್ ಸಿಸ್ಟಂ ಇಲ್ಲದೆ ನೇರವಾಗಿ ಡಿವೈಸ್‌ನ ರಿಜಿಸ್ಟರ್, ಕ್ಯೂಗಳಿಗೆ ಬರೆಯುವ ಟೆಸ್ಟ್ ಚೌಕಟ್ಟು. ಮೇಲಿನ 2048ರ ಕೋರಿಕೆ, ಸುತ್ತು ಹೊಡೆಯುವ ವಿಳಾಸ, ಸೊನ್ನೆ ಬ್ಲಾಕ್, ಅರ್ಧ ಬಂದ ಬಫರ್, ಈ ನಾಲ್ಕನ್ನೂ ಟೆಸ್ಟ್ ಆಗಿ ಬರೆದು ಓಡಿಸಿದಾಗ ಸ್ಯಾನಿಟೈಸರ್ ಕೆಂಪು ಅಕ್ಷರದಲ್ಲಿ ಬೊಬ್ಬೆ ಹಾಕಿತು. ಹುಡುಗನ ಮುಖ ನೋಡಬೇಕಿತ್ತು.

ಕಾಮೆಂಟ್ ಬರೆಯುವುದು

ಕಂಡುಹಿಡಿದದ್ದನ್ನು ಬರೆದವರಿಗೆ ಅರ್ಥವಾಗುವಂತೆ ಹೇಳುವುದೂ ರಿವ್ಯೂನ ಭಾಗ. ಆ ಹುಡುಗ ಮೊದಲು ಬರೆದದ್ದು ಇಷ್ಟೇ: 'ಇಲ್ಲಿ ಓವರ್‌ಫ್ಲೋ ಆಗಬಹುದು.' ಇದನ್ನು ಓದಿದವರು 'ಆಗುವುದಿಲ್ಲ' ಎಂದು ಒಂದು ಸಾಲಿನಲ್ಲಿ ಮುಗಿಸಬಹುದು. ಎರಡನೆಯ ಸಲ ಬರೆದದ್ದು: 'ಬ್ಲಾಕ್ ಗಾತ್ರ 2 ಎಂಬಿ, ಸಂಖ್ಯೆ 2048 ಬಂದರೆ 32 ಬಿಟ್ ಗುಣಾಕಾರ ಸೊನ್ನೆ ಕೊಡುತ್ತದೆ. ಗಡಿ ಪರೀಕ್ಷೆ ದಾಟಿ, ಬಿಟ್‌ಮ್ಯಾಪ್ ಆಚೆ ಬರೆಯುತ್ತದೆ. ತೋರಿಸುವ ಟೆಸ್ಟ್ ಜೊತೆಗಿಟ್ಟಿದ್ದೇನೆ. ಬ್ಲಾಕ್ ಗಾತ್ರವನ್ನು 64 ಬಿಟ್ ಮಾಡಿದರೆ ಸರಿಹೋಗುತ್ತದೆ.' ಯಾವ ಅಂಕಿ ಕೊಟ್ಟರೆ ಏನಾಗುತ್ತದೆ ಎಂದು ಬರೆದರೆ ಜಗಳಕ್ಕೆ ಜಾಗವಿಲ್ಲ. ತಿದ್ದಲೇಬೇಕಾದ್ದು ಯಾವುದು, ನಿಮ್ಮ ಇಷ್ಟ ಮಾತ್ರ ಯಾವುದು ಎಂದೂ ಬೇರೆ ಮಾಡಿ ಹೇಳಿ. ಬರೆದವರು ಎಲ್ಲೋ ರಾತ್ರಿ ಮಕ್ಕಳನ್ನು ಮಲಗಿಸಿ ಕೂತು ಬರೆದಿರುತ್ತಾರೆ, ಅವರ ಹೊತ್ತಿಗೂ ಬೆಲೆ ಇದೆ.

'ರಿವ್ಯೂಡ್-ಬೈ' ಎಂದು ಹೆಸರು ಹಾಕುವುದು ಸಾಲು ಸಾಲಾಗಿ ಓದಿ ಒಪ್ಪಿದ ಮೇಲೆ ಮಾತ್ರ. ಓಡಿಸಿ ನೋಡಿದ್ದಷ್ಟೇ ಆದರೆ 'ಟೆಸ್ಟೆಡ್-ಬೈ', ವಿಚಾರಕ್ಕೆ ಸಮ್ಮತಿ ಇದೆ, ಆಳವಾಗಿ ಓದಿಲ್ಲ ಎಂದಾದರೆ 'ಆಕ್ಡ್-ಬೈ'. ಸರಣಿಯಲ್ಲಿ ಎರಡೇ ಪ್ಯಾಚ್ ಓದಿದ್ದರೆ ಆ ಎರಡಕ್ಕೆ ಮಾತ್ರ ಹಾಕಿ. ಉಳಿದದ್ದನ್ನು ಓದಿಲ್ಲ ಎಂದು ಹೇಳಲು ಸಂಕೋಚ ಬೇಡ.

ಎರಡನೆಯ ಆವೃತ್ತಿ ಬಂದಾಗ ಪೂರ್ತಿ ಮತ್ತೆ ಓದುವ ಬದಲು ಗಿಟ್‌ನ ರೇಂಜ್-ಡಿಫ್ ಹಾಕಿ, ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಎಂದು ನೋಡಿ. ನೀವು ಹೇಳದ ಯಾವುದಾದರೂ ಬದಲಾಗಿದ್ದರೆ ಮೊದಲು ಅಲ್ಲಿ ನಿಲ್ಲಿ. ಆಮೇಲೆ ಆ ನಾಲ್ಕು ಕೆಟ್ಟ ಕೋರಿಕೆಗಳ ಟೆಸ್ಟ್ ಮತ್ತೊಮ್ಮೆ ಓಡಿಸಿ, ಮೂರು ಕಾಲಂನ ಕಾಗದವನ್ನು ಹೊಸ ಕೋಡ್‌ನ ಪಕ್ಕ ಇಟ್ಟು ಪ್ರತಿ ರಿಟರ್ನನ್ನೂ ಮತ್ತೆ ಹೊಂದಿಸಿ ನೋಡಿ.